ಟ್ರೇಡ್ ಶೋ ಹಾಲ್‌ನಲ್ಲಿ ಹ್ಯಾಮ್ ಲಿಂಕ್ ಮೇಲೆ ಇಂಟರ್ನೆಟ್: ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಹಾಲ್‌ನ ಒಂದು ಮೂಲೆಯಲ್ಲಿ ಇಂಟರ್ನೆಟ್ ಕೇಬಲ್ ಇದೆ. ನಿಮ್ಮ ಸ್ಟಾಲ್ ಇನ್ನೊಂದು ಮೂಲೆಯಲ್ಲಿದೆ. ನಡುವೆ ಎರಡು ಮೆಶ್ ನೋಡ್ (ತಾವೇ ದಾರಿ ಹುಡುಕಿಕೊಂಡು ಜಾಲ ಕಟ್ಟುವ ರೇಡಿಯೋ ಪೆಟ್ಟಿಗೆ) ಇಟ್ಟು ಹ್ಯಾಮ್ ಬ್ಯಾಂಡ್ (ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವರ ಆವರ್ತನ) ಮೇಲೆ ಲಿಂಕ್ ಕಟ್ಟಿದ್ದೀರಿ. ಹಿಂದಿನ ಸಂಜೆ ಚೆನ್ನಾಗಿಯೇ ಓಡುತ್ತಿತ್ತು. ಬಾಗಿಲು ತೆರೆದು ಜನ ಒಳಗೆ ಬಂದ ಸ್ವಲ್ಪ ಹೊತ್ತಿಗೆ ಸತ್ತುಹೋಯಿತು. ಆಗ ಹೆಚ್ಚಿನವರು ಮೊದಲು ಪವರ್ ಜಾಸ್ತಿ ಮಾಡುತ್ತಾರೆ, ಆಮೇಲೆ ಆಂಟೆನಾ ಹಿಡಿದು ತಿರುಗಿಸುತ್ತಾರೆ. ಎರಡೂ ಬೇಡ, ಸದ್ಯಕ್ಕೆ ಕೈ ಹಿಂದೆ ಕಟ್ಟಿಕೊಳ್ಳಿ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ನೋಡಿ. 5.8 ಗಿಗಾಹರ್ಟ್ಸ್‌ನಲ್ಲಿ 100 ಮೀಟರ್ ದೂರಕ್ಕೆ ಖಾಲಿ ಗಾಳಿಯಲ್ಲಿ ಆಗುವ ನಷ್ಟ ಸುಮಾರು 88 ಡೆಸಿಬಲ್. 2.4 ಗಿಗಾಹರ್ಟ್ಸ್‌ನಲ್ಲಾದರೆ 80. ಎರಡೂ ಕಡೆ 10 ಡಿಬಿಐ (ಒಂದು ದಿಕ್ಕಿಗೆ ಸಿಗ್ನಲ್ಲನ್ನು ಎಷ್ಟು ಬಲಪಡಿಸುತ್ತದೆ ಅನ್ನುವ ಅಳತೆ) ಆಂಟೆನಾ ಇಟ್ಟು ಬರೀ 10 ಮಿಲಿವ್ಯಾಟ್, ಅಂದರೆ 10 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬಲ್‌ನಲ್ಲಿ ಹೇಳುವ ಪವರ್), ಬಿಟ್ಟರೂ ಆ ತುದಿಗೆ 5.8ರಲ್ಲಿ ಮೈನಸ್ 58 ಡಿಬಿಎಂ ತಲುಪುತ್ತದೆ. ರಿಸೀವರ್ ನಾಯ್ಸ್ ಮೈನಸ್ 95ರ ಆಸುಪಾಸು ಇರುತ್ತದೆ. ನಡುವೆ 37 ಡೆಸಿಬಲ್ ಅಂತರ ಇದೆ, ಇಷ್ಟು ಧಾರಾಳ ಸಾಕು. ಹಾಲ್ ಒಳಗೆ ಸಿಗ್ನಲ್ ಸಾಲದೆ ಲಿಂಕ್ ಸಾಯುವುದು ಅಪರೂಪ. ತಪ್ಪು ಬೇರೆಲ್ಲೋ ಇರುತ್ತದೆ, ಬಹಳ ಸಲ ರೇಡಿಯೋದಲ್ಲೇ ಇರುವುದಿಲ್ಲ.

ಇಲ್ಲಿ ನಾನು ಎಆರ್‌ಇಡಿಎನ್ (ತುರ್ತು ಸಂಪರ್ಕಕ್ಕೆಂದು ಹ್ಯಾಮ್‌ಗಳು ಕಟ್ಟಿದ ಮೆಶ್ ಯೋಜನೆ) ಫರ್ಮ್‌ವೇರ್, ಅಂದರೆ ಸಾಧನದ ಒಳಗಿನ ಸಾಫ್ಟ್‌ವೇರ್, ಹಾಕಿದ ನೋಡ್‌ಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಅದು ರೂಟರ್‌ಗಳಿಗಾಗಿ ಇರುವ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಲಿನಕ್ಸ್ ಮೇಲೆ ಕಟ್ಟಿದ್ದು. ಈ ಬಗೆಯ ಹ್ಯಾಮ್ ಮೆಶ್ ಶುರುವಾದದ್ದು ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್‌ಗಳ ಮೇಲೆ. ಈಗ ಹೊರಾಂಗಣ ವೈಫೈ ಬ್ರಿಡ್ಜ್‌ಗಳ ಮೇಲೂ ಓಡುತ್ತದೆ. ಹಳೆಯ ಪ್ಯಾಕೆಟ್ ರೇಡಿಯೋ (ಮಾತಾಡುವ ರೇಡಿಯೋ ಮೇಲೆಯೇ ದತ್ತಾಂಶ ಕಳಿಸುವ ವಿಧಾನ) ಇಟ್ಟು ಇಂಟರ್ನೆಟ್ ತೋರಿಸುತ್ತೇನೆ ಅನ್ನುವವರಿಗೆ ಒಂದೇ ಮಾತು: 1200 ಬಾಡ್‌ನಲ್ಲಿ (ಇಲ್ಲಿ ಸೆಕೆಂಡಿಗೆ 1200 ಬಿಟ್) ಒಂದು ಮೆಗಾಬೈಟ್ ಪುಟ ಇಳಿಯಲು ಬೇರೆ ಯಾವ ಅಡ್ಡಿ ಇಲ್ಲದಿದ್ದರೂ ಸುಮಾರು 1 ಗಂಟೆ 50 ನಿಮಿಷ ಬೇಕು. ಅದು ದೋಷ ಅಲ್ಲ, ಅದರ ವೇಗವೇ ಅಷ್ಟು.

ಮೊದಲು ಕೇಳಿಕೊಳ್ಳಿ: ಇದು ನಿಜವಾಗಿ ದೋಷವೇ?

"ಪಿಂಗ್ ಹೋಗುತ್ತೆ, ಆದ್ರೆ ಯಾವ ವೆಬ್‌ಸೈಟೂ ತೆರೆಯಲ್ಲ" ಅನ್ನುವ ದೂರು ಬಂದರೆ (ಪಿಂಗ್ ಅಂದರೆ ಆ ಕಡೆಯ ಸಾಧನ ಉತ್ತರಿಸುತ್ತದಾ ಅಂತ ನೋಡುವ ಸಣ್ಣ ಸಂದೇಶ) ಕೇಬಲ್ ಹುಡುಕುವ ಮುಂಚೆ ನಿಯಮ ನೆನಪಿಸಿಕೊಳ್ಳಿ. ಅಂತರರಾಷ್ಟ್ರೀಯ ರೇಡಿಯೋ ನಿಯಮಗಳ 25ನೇ ವಿಧಿ ಬೇರೆ ಬೇರೆ ದೇಶಗಳ ಹ್ಯಾಮ್ ಸ್ಟೇಷನ್‌ಗಳು ಅರ್ಥ ಮರೆಮಾಚುವ ಹಾಗೆ ಸಂಕೇತ ಹಾಕಿ ಕಳಿಸಬಾರದು ಅನ್ನುತ್ತದೆ. ಬಹಳಷ್ಟು ದೇಶಗಳು ತಮ್ಮ ಒಳಗಿನ ಲೈಸೆನ್ಸ್ ಷರತ್ತಿಗೂ ಅದನ್ನೇ ಸೇರಿಸಿಕೊಂಡಿವೆ. ಈಗಿನ ವೆಬ್ ಹೆಚ್ಚುಕಡಿಮೆ ಪೂರ್ತಿ ಎಚ್‌ಟಿಟಿಪಿಎಸ್ ಮೇಲೆ ನಿಂತಿದೆ, ಅಂದರೆ ಗೂಢಲಿಪಿ. ಹಾಗಾಗಿ ನೋಡ್ ನೋಡಿಕೊಳ್ಳುವ ಹ್ಯಾಮ್ ಗೆಳೆಯರು ಎಚ್‌ಟಿಟಿಪಿಎಸ್ ಹೋಗುವ 443ನೇ ಪೋರ್ಟ್ ಮುಚ್ಚಿಟ್ಟಿರಬಹುದು. ಲಿಂಕ್ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಬೇಕೆಂದೇ ತಡೆದಿದ್ದಾರೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಇನ್ನೊಂದು ವಿಷಯ ದುಡ್ಡಿನದು. ಹ್ಯಾಮ್ ಸೇವೆಯ ವ್ಯಾಖ್ಯೆಯಲ್ಲೇ ಹಣದ ಲಾಭವಿಲ್ಲದೆ ಅಂತ ಇದೆ. ಪಕ್ಕದ ಸ್ಟಾಲ್‌ನವರು "ಸಾರ್, ನಮ್ಮ ಕಾರ್ಡ್ ಮೆಷಿನ್‌ಗೂ ಸ್ವಲ್ಪ ನೆಟ್ ಕೊಡಿ" ಅಂತ ಕೇಳಿದರೆ ನಗುತ್ತಲೇ ಆಗಲ್ಲ ಅನ್ನಿ.

ಎಲ್ಲ ವೆಬ್‌ಸೈಟೂ ಬೇಕು, ಪಾಸ್‌ವರ್ಡ್ ಹಾಕುವ ಕೆಲಸವೂ ಆಗಬೇಕು ಅಂದರೆ ದಾರಿ ಸುಲಭ. ನೋಡ್‌ಗೆ ತಯಾರಕರ ಮೂಲ ಫರ್ಮ್‌ವೇರ್ ಮತ್ತೆ ಹಾಕಿ, ಲೈಸೆನ್ಸ್ ಬೇಡದ ಮಾಮೂಲಿ ವೈಫೈ ಚಾನೆಲ್‌ನಲ್ಲಿ, ಅದರ ಪವರ್ ಮಿತಿಯೊಳಗೆ, ಡಬ್ಲ್ಯುಪಿಎ2 ಗೂಢಲಿಪಿ ಹಾಕಿಕೊಂಡು ಓಡಿಸಿ. ಆಗ ಅದು ಹ್ಯಾಮ್ ಲಿಂಕ್ ಅಲ್ಲ, ಬರೀ ವೈಫೈ. ಹ್ಯಾಮ್ ಪವರು ಬೇಕು, ವೈಫೈ ಸ್ವಾತಂತ್ರ್ಯವೂ ಬೇಕು ಅಂದರೆ ನಡೆಯದು. ಹ್ಯಾಮ್ ಮೋಡ್‌ನಲ್ಲೇ ಇರುತ್ತೀರಾದರೆ ಸ್ಟಾಲ್‌ನಲ್ಲಿ ತೋರಿಸಲು ಸ್ಥಳೀಯ ಸೇವೆಗಳೇ ಬೇಕಾದಷ್ಟು ಇವೆ: ಕ್ಯಾಮೆರಾ, ಚಾಟ್, ಐಪಿ ಫೋನು, ಹವಾಮಾನ ಪುಟ. ನನ್ನ ಕೇಳಿದರೆ ನೋಡಲು ಬಂದವರಿಗೆ ಅವೇ ಜಾಸ್ತಿ ಇಷ್ಟ ಆಗುತ್ತವೆ, ಇಂಟರ್ನೆಟ್ ಅವರ ಜೇಬಿನಲ್ಲೇ ಇದೆಯಲ್ವಾ.

ದಾರಿಯನ್ನು ತುಂಡು ಮಾಡಿ

ಬಂದವರ ಫೋನಿನಿಂದ ಆಕ್ಸೆಸ್ ಪಾಯಿಂಟು (ಫೋನುಗಳಿಗೆ ವೈಫೈ ಕೊಡುವ ಪೆಟ್ಟಿಗೆ), ಅಲ್ಲಿಂದ ಸ್ಟಾಲ್ ನೋಡ್, ಗಾಳಿ, ಆ ತುದಿಯ ನೋಡ್, ಸ್ವಿಚ್ಚು, ರೂಟರ್, ಕೊನೆಗೆ ಹಾಲ್‌ನವರ ಕೇಬಲ್. ಇಷ್ಟರಲ್ಲಿ ಗಾಳಿ ಒಂದೇ ಒಂದು ತುಂಡು. ಆದರೂ ಬೈಗುಳ ಎಲ್ಲ ಅದಕ್ಕೇ.

ಇಂಟರ್ನೆಟ್ ಇರುವ ತುದಿಯಿಂದ ಶುರು ಮಾಡಿ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಹಾಲ್‌ನ ಕೇಬಲ್ಲನ್ನು ನೇರವಾಗಿ ಚುಚ್ಚಿ. ನೆಟ್ ಬಂತಾ? ಬಂದರೆ ಒಂದು ಹೆಜ್ಜೆ ಹಿಂದೆ ಬಂದು ರೂಟರ್ ಹಿಂದೆ ಚುಚ್ಚಿ, ಆಮೇಲೆ ಆ ತುದಿಯ ನೋಡ್ ಹಿಂದೆ, ಆಮೇಲೆ ಸ್ಟಾಲ್ ನೋಡ್ ಹಿಂದೆ. ಪ್ರತಿ ಜಾಗದಲ್ಲೂ ಮೂರು ಪಿಂಗ್: ಪಕ್ಕದ ಸಾಧನಕ್ಕೆ, 8.8.8.8ಗೆ (ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್), ಒಂದು ವೆಬ್‌ಸೈಟಿನ ಹೆಸರಿಗೆ. ಸಂಖ್ಯೆಗೆ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಅಂದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್ಎಸ್ ಕೆಟ್ಟಿದೆ, ಆಂಟೆನಾ ಮುಟ್ಟಬೇಕಿಲ್ಲ. ಪಕ್ಕದ್ದಕ್ಕೇ ಹೋಗುವುದಿಲ್ಲ ಅಂದರೆ ಅಲ್ಲೇ ನಿಲ್ಲಿ, ಮುಂದಿನದು ನೋಡುವುದು ವೇಸ್ಟ್.

ಸ್ಟಾಲ್‌ನಲ್ಲೇ ಕೂತು ಪಿಂಗ್ ಮಾಡಿ ಊಹೆ ಮಾಡುವುದಕ್ಕಿಂತ ಎದ್ದು ನಡೆಯುವುದೇ ಬೇಗ.

ಹಾಲ್‌ನ ಕೇಬಲ್ ಕೊಡುವ ತಲೆನೋವು

ಬಹಳಷ್ಟು ಕಡೆ ಆ ಕೇಬಲ್ ಹಿಂದೆ ಲಾಗಿನ್ ಪುಟ ಇರುತ್ತದೆ. ಲ್ಯಾಪ್‌ಟಾಪ್ ಚುಚ್ಚಿದರೆ ಪುಟ ತಾನಾಗಿ ಬರುತ್ತದೆ, ನೀವು ಕ್ಲಿಕ್ ಮಾಡುತ್ತೀರಿ, ನೆಟ್ ಬರುತ್ತದೆ. ಅದೇ ಕೇಬಲ್ಲನ್ನು ನೋಡ್‌ಗೆ ಹಾಕಿದರೆ ಕ್ಲಿಕ್ ಮಾಡಲು ಅಲ್ಲಿ ಯಾರೂ ಇಲ್ಲ. ಆ ಅನುಮತಿ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಸಿಕ್ಕಿತ್ತೇ ಹೊರತು ಕೇಬಲ್ಲಿಗಲ್ಲ. ಹಾಲ್‌ನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನಿಮ್ಮ ರೂಟರ್‌ನ ಮ್ಯಾಕ್ ವಿಳಾಸ ಕೊಟ್ಟು ಸೇರಿಸಿಕೊಳ್ಳಲು ಹೇಳಿ. ಹಿಂದಿನ ದಿನ ನೆಟ್ ಬರುತ್ತಿದ್ದು ಬೆಳಿಗ್ಗೆ ನಿಂತಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ, ಲಾಗಿನ್ ಅವಧಿ ರಾತ್ರಿ ಮುಗಿದಿರುತ್ತದೆ.

ಇನ್ನೊಂದು ಸ್ವಲ್ಪ ಒಳಸುಳಿ ಇರುವ ವಿಷಯ. ಎಆರ್‌ಇಡಿಎನ್ ಮೆಶ್ ಪೂರ್ತಿ 10ರಿಂದ ಶುರುವಾಗುವ ವಿಳಾಸಗಳನ್ನು ಬಳಸುತ್ತದೆ. ದೊಡ್ಡ ಹಾಲ್‌ಗಳ ಒಳ ನೆಟ್‌ವರ್ಕೂ ಬಹಳ ಸಲ 10ರಿಂದಲೇ ಶುರುವಾಗುತ್ತದೆ. ನೋಡ್‌ನ ಇಂಟರ್ನೆಟ್ ಪೋರ್ಟಿಗೆ 10ರ ವಿಳಾಸ ಬಂದರೆ ಯಾವುದು ಒಳಗೆ, ಯಾವುದು ಹೊರಗೆ ಅಂತ ರೂಟಿಂಗ್ ಗೋಜಲಾಗುತ್ತದೆ. ಲಕ್ಷಣವೂ ವಿಚಿತ್ರ: ಕೆಲವು ಕಡೆ ಹೋಗುತ್ತದೆ, ಕೆಲವು ಕಡೆ ಹೋಗುವುದಿಲ್ಲ, ಹಾಲ್‌ನವರ ಡಿಎನ್ಎಸ್ ಸರ್ವರ್ ಮಾತ್ರ ಸಿಗುವುದೇ ಇಲ್ಲ. ನಡುವೆ ಒಂದು ಸಣ್ಣ ರೂಟರ್ ಇಟ್ಟು ನೋಡ್‌ಗೆ 192.168 ಸಾಲಿನ ವಿಳಾಸ ಸಿಗುವ ಹಾಗೆ ಮಾಡಿ, ನೋಡ್‌ನಲ್ಲಿ ಹೊರಗಿನ ಡಿಎನ್ಎಸ್ ಹಾಕಿ. ಎರಡು ಸಲ ನ್ಯಾಟ್ (ವಿಳಾಸ ಬದಲಿಸುವ ಕೆಲಸ) ಆಗುತ್ತೆ, ಆಗಲಿ ಬಿಡಿ. ಆ ಸಣ್ಣ ರೂಟರ್‌ನಲ್ಲೇ ಲಾಗಿನ್ ಪುಟದ ಕಾಟವನ್ನೂ ಮುಗಿಸಬಹುದು, ಅದಕ್ಕೇ ನಾನು ಅದನ್ನು ಯಾವಾಗಲೂ ಇಡುತ್ತೇನೆ.

ವಿಳಾಸ 169.254ರಿಂದ ಶುರುವಾಗಿದ್ದರೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಸಿಗಲೇ ಇಲ್ಲ ಅಂತ ಅರ್ಥ. ಕೇಬಲ್ ಅಥವಾ ಸ್ವಿಚ್ ಪೋರ್ಟ್ ನೋಡಿ.

ನೋಡ್ ಹಿಂದಿನ ಸ್ವಿಚ್ಚು ಮತ್ತು ಆರನೇ ಸಾಧನ

ಒಂದೇ ಪೋರ್ಟ್ ಇರುವ ನೋಡ್‌ಗಳಲ್ಲಿ ಒಂದೇ ಕೇಬಲ್ ಮೇಲೆ ಮೂರು ಜಾಲ ಓಡುತ್ತವೆ. ಯಾವುದು ಯಾವ ಜಾಲದ್ದು ಅಂತ ಹೇಳುವ ನಂಬರ್ ಚೀಟಿಯೇ ಟ್ಯಾಗ್, ಹಾಗೆ ಬೇರ್ಪಡಿಸಿದ ಜಾಲವೇ ವಿಎಲ್ಯಾನ್. ಟ್ಯಾಗ್ ಇಲ್ಲದ್ದು ಒಳಜಾಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ ವಿಎಲ್ಯಾನ್ 1 ಇಂಟರ್ನೆಟ್ ಕಡೆ, ವಿಎಲ್ಯಾನ್ 2 ಪಕ್ಕದ ನೋಡ್‌ಗೆ ತಂತಿಯಲ್ಲಿ ಸೇರಿಸಲು. ಇಲ್ಲಿ ಸೆಟ್ಟಿಂಗ್ ಇಲ್ಲದ ಸಾದಾ ಸ್ವಿಚ್ ಇಟ್ಟರೆ ನೋಡ್ ಮತ್ತು ಲ್ಯಾಪ್‌ಟಾಪ್ ಚೆನ್ನಾಗಿಯೇ ಮಾತಾಡಿಕೊಳ್ಳುತ್ತವೆ, ಮೆಶ್ ಕೂಡ ಕಾಣುತ್ತದೆ, ಇಂಟರ್ನೆಟ್ ಮಾತ್ರ ಬರುವುದಿಲ್ಲ. ಯಾಕೆಂದರೆ ಟ್ಯಾಗ್ ಬಿಚ್ಚಿ ರೂಟರ್‌ಗೆ ಕೊಡುವವರು ಯಾರೂ ಇಲ್ಲ. ಮ್ಯಾನೇಜ್ಡ್ ಸ್ವಿಚ್ ಬೇಕು. ಅದರಲ್ಲೂ ಒಂದು ಹುಷಾರು: ಬಹಳ ಸ್ವಿಚ್‌ಗಳಲ್ಲಿ ವಿಎಲ್ಯಾನ್ 1 ಅನ್ನುವುದು ಎಲ್ಲ ಪೋರ್ಟುಗಳ ಡಿಫಾಲ್ಟ್. ನಿಮಗೆ ಗೊತ್ತಿಲ್ಲದೆ ಒಳಜಾಲವೂ ಹೊರಜಾಲವೂ ಒಂದಾಗಿ ನೋಡ್‌ನ ಡಿಎಚ್‌ಸಿಪಿ, ರೂಟರ್‌ನ ಡಿಎಚ್‌ಸಿಪಿ ಎರಡೂ ಒಟ್ಟಿಗೆ ವಿಳಾಸ ಹಂಚುತ್ತಾ ಕೂರುತ್ತವೆ. ಒಂದು ಲ್ಯಾಪ್‌ಟಾಪ್ ಸರಿ, ಪಕ್ಕದ್ದು ಇಲ್ಲ, ರೀಸ್ಟಾರ್ಟ್ ಮಾಡಿದರೆ ಉಲ್ಟಾ. ಇಂಥ ಲಕ್ಷಣ ಕಂಡರೆ ಸ್ವಿಚ್ಚಿನ ಪೋರ್ಟ್ ಪಟ್ಟಿಯನ್ನು ಕಾಗದದ ಮೇಲೆ ಬರೆದು ಒಂದೊಂದಾಗಿ ನೋಡಿ.

ಸ್ವಿಚ್ ಸರಿ ಇದ್ದು ಇಂಟರ್ನೆಟ್ ಆ ತುದಿಯ ನೋಡ್‌ವರೆಗೆ ಬಂದು ಅಲ್ಲೇ ನಿಂತಿದೆಯಾ? ತನ್ನ ಇಂಟರ್ನೆಟ್ಟನ್ನು ಮೆಶ್‌ನ ಉಳಿದವರಿಗೆ ಕೊಡು ಅನ್ನುವ ಸೆಟ್ಟಿಂಗ್ ಆ ನೋಡ್‌ನಲ್ಲಿ ಬೇರೆಯೇ ಇದೆ. ಡಿಫಾಲ್ಟ್ ಆಗಿ ಅದು ಆಫ್.

ಮೊದಲು ಬಂದ ಕೆಲವರಿಗೆ ನೆಟ್ ಬಂತು, ಆಮೇಲಿನವರಿಗೆ ಬರುತ್ತಿಲ್ಲ ಅನ್ನುವುದು ಶೋಗಳಲ್ಲಿ ಪದೇ ಪದೇ ಬರುವ ದೂರು. ಜನ ಹೆಚ್ಚಾದರು, ಸಿಗ್ನಲ್ ಕಮ್ಮಿಯಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ನೋಡ್‌ನ ಒಳಜಾಲದಲ್ಲಿ 1, 5, 13 ಅಥವಾ 29 ಸಾಧನಕ್ಕೆ ಜಾಗ ಅಂತ ಆಯ್ಕೆ ಇದೆ, ಮೊದಲಿಗೆ ಇರುವುದು 5. ಐದು ವಿಳಾಸ ಹಂಚಿದ ಮೇಲೆ ಆರನೆಯವರಿಗೆ ಏನೂ ಉಳಿದಿರುವುದಿಲ್ಲ. ಹೋದವರ ವಿಳಾಸ ಕೂಡ ಅವಧಿ ಮುಗಿಯುವವರೆಗೆ ವಾಪಸ್ ಬರುವುದಿಲ್ಲ. ಆಕ್ಸೆಸ್ ಪಾಯಿಂಟನ್ನೂ, ಕ್ಯಾಮೆರಾವನ್ನೂ ಲೆಕ್ಕಕ್ಕೆ ಹಿಡಿದರೆ ನಿಜವಾಗಿ ಮೂರೇ ಜನರಿಗೆ ಜಾಗ. 29ಕ್ಕೆ ಏರಿಸಬಹುದು, ಆದರೆ ಶೋಗೆ ಅದೂ ಸಾಲದು. ಆಕ್ಸೆಸ್ ಪಾಯಿಂಟನ್ನು ರೂಟರ್ ಮೋಡ್‌ಗೆ ಹಾಕಿ, ಅದರ ಹಿಂದೆ ಎಷ್ಟು ಫೋನ್ ಬಂದರೂ ನೋಡ್‌ಗೆ ಕಾಣುವುದು ಒಂದೇ ವಿಳಾಸ.

"ನಿಮ್ಮ ವೈಫೈ ನನ್ನ ಫೋನಲ್ಲಿ ಕಾಣ್ತಾನೇ ಇಲ್ಲ" ಅಂತ ಯಾರಾದರೂ ಅಂದರೆ ಅದೂ ದೋಷ ಅಲ್ಲ. ಮೆಶ್ ಲಿಂಕ್ ಇರುವ ಚಾನೆಲ್, ಅಗಲ, ವಿಧಾನ ಎಲ್ಲವೂ ಫೋನಿಗೆ ಅರ್ಥವಾಗದವು. ಫೋನುಗಳಿಗೆ ಬೇರೆ ಆಕ್ಸೆಸ್ ಪಾಯಿಂಟ್ ಇಡಲೇಬೇಕು.

ಈಗ ಗಾಳಿ

ಮೇಲಿನದೆಲ್ಲ ಸರಿ ಇದೆ, ಎರಡು ನೋಡ್ ಮಾತ್ರ ಒಂದಕ್ಕೊಂದು ಕಾಣುತ್ತಿಲ್ಲ ಅಂದಾಗ ರೇಡಿಯೋ ಕಡೆ ಬನ್ನಿ. ಒಂದಕ್ಕೊಂದು ಕಾಣುವುದೇ ಇಲ್ಲ ಮತ್ತು ಕಾಣುತ್ತದೆ ಆದರೆ ಕೆಟ್ಟದಾಗಿದೆ, ಇವೆರಡೂ ಬೇರೆ ಬೇರೆ ಕಾಯಿಲೆ.

ಕಾಣುವುದೇ ಇಲ್ಲವಾದರೆ ಎರಡೂ ಕಡೆ ಚಾನೆಲ್, ಅಗಲ, ಜಾಲದ ಹೆಸರು ಒಂದೇ ಇದೆಯಾ ನೋಡಿ. ಒಂದು ಕಡೆ 10 ಮೆಗಾಹರ್ಟ್ಸ್, ಇನ್ನೊಂದು ಕಡೆ 20 ಇದ್ದರೆ ಪಕ್ಕಪಕ್ಕದಲ್ಲಿ ಇಟ್ಟರೂ ಕೇಳುವುದಿಲ್ಲ, ಸ್ಕ್ಯಾನ್‌ನಲ್ಲೂ ಬರುವುದಿಲ್ಲ. ಫರ್ಮ್‌ವೇರ್ ಆವೃತ್ತಿಯೂ ನೋಡಿ. ಎಆರ್‌ಇಡಿಎನ್ ಮೊದಲು ಓಎಲ್‌ಎಸ್‌ಆರ್ ಅನ್ನುವ ರೂಟಿಂಗ್ ವಿಧಾನ ಬಳಸುತ್ತಿತ್ತು, ಈಚೆಗೆ ಬಾಬೆಲ್‌ಗೆ ಬದಲಾಗಿದೆ. ಹಾಗಾಗಿ ತುಂಬಾ ಹಳೆಯ ನೋಡ್ ಮತ್ತು ಹೊಸ ನೋಡ್ ಸೇರಿಸಿ ಕೂತರೆ ರೇಡಿಯೋ ಕೇಳಿದರೂ ದಾರಿ ಹುಟ್ಟದೇ ಹೋಗಬಹುದು. ಎರಡಕ್ಕೂ ಒಂದೇ ಆವೃತ್ತಿ ಹಾಕಿ, ಶೋ ದಿನ ಅಲ್ಲ, ಮನೆಯಲ್ಲೇ.

ಆಮೇಲೆ ಕನೆಕ್ಟರ್. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎರಡರ ತಿರುಪು ಒಂದೇ. ತಪ್ಪು ಜೋಡಿಯನ್ನೂ ಚೆನ್ನಾಗಿ ಬಿಗಿ ಮಾಡಬಹುದು, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಳಗೆ ಮಾತ್ರ ಎರಡೂ ಕಡೆ ತೂತು, ನಡುವೆ ಪಿನ್ನೇ ಇಲ್ಲ. ಎರಡೂ ಕಡೆ ಪಿನ್ ಇದ್ದರೆ ಇನ್ನೂ ಕೆಟ್ಟದ್ದು, ಬಿಗಿ ಮಾಡುವಾಗ ಮುರಿಯುತ್ತದೆ. ಒಂದು ಮೀಟರ್ ದೂರದಲ್ಲಿ ಲಿಂಕ್ ಬರುತ್ತದೆ, ಹತ್ತು ಮೀಟರ್ ಹೋದರೆ ಇಲ್ಲ ಅಂದರೆ ಕನೆಕ್ಟರ್ ಬಿಚ್ಚಿ ಕಣ್ಣಾರೆ ನೋಡಿ. ತೆಳ್ಳಗಿನ ಆರ್‌ಜಿ-58 ಕೇಬಲ್ ಹಾಕಿದ್ದರೆ ಅದನ್ನೂ ಕಿತ್ತುಹಾಕಿ: 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬಲ್ ತಿನ್ನುತ್ತದೆ, ಐದು ಮೀಟರ್ ಅಂದರೆ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಪವರ್ ಕೇಬಲ್ಲಲ್ಲೇ ಖಲಾಸ್. ನೋಡನ್ನೇ ಆಂಟೆನಾ ಪಕ್ಕಕ್ಕೆ ಏರಿಸಿ ಈಥರ್ನೆಟ್ ಕೇಬಲ್ ಉದ್ದ ಮಾಡಿದರೆ ಈ ಸಮಸ್ಯೆಯೇ ಇಲ್ಲ.

ಒಂದು ಆಂಟೆನಾ ನಿಂತಿದೆ, ಇನ್ನೊಂದು ಮಲಗಿದೆ ಅಂದರೆ 20 ಡೆಸಿಬಲ್‌ವರೆಗೂ ಹೋಗಬಹುದು. ಹಾಲ್ ಒಳಗೆ ಕಬ್ಬಿಣದ ಟ್ರಸ್‌ಗಳಿಂದ ಪ್ರತಿಫಲನ ಆಗಿ ಸ್ವಲ್ಪ ಗಿಟ್ಟುತ್ತದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಸಿಗ್ನಲ್ ಜಾಸ್ತಿಯಾಗಿ ಕೆಡುವುದು

ಇದನ್ನು ಯಾರೂ ನಂಬುವುದಿಲ್ಲ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಸ್ಟಾಲ್‌ನಲ್ಲಿ ಡೆಮೋ ಅಂತ ಎರಡು ನೋಡ್‌ಗಳನ್ನು ಒಂದೇ ಮೇಜಿನ ಎರಡು ತುದಿಗೋ, ಎದುರುಬದುರು ಸ್ಟಾಲ್‌ಗೋ ಇಡುತ್ತಾರೆ. ಪವರ್ 27 ಡಿಬಿಎಂ, ಅಂದರೆ ಅರ್ಧ ವ್ಯಾಟ್. ಎರಡೂ ಕಡೆ 10 ಡಿಬಿಐ. ನಡುವೆ 5 ಮೀಟರ್. 5.8 ಗಿಗಾಹರ್ಟ್ಸ್‌ನಲ್ಲಿ ಆ ದೂರಕ್ಕೆ ನಷ್ಟ ಬರೀ 62 ಡೆಸಿಬಲ್, ಹಾಗಾಗಿ ಆ ಕಡೆ ಮೈನಸ್ 15 ಡಿಬಿಎಂ ಬಡಿಯುತ್ತದೆ. ಮೈನಸ್ 30 ದಾಟಿದರೆ ಈ ರಿಸೀವರ್‌ಗಳು ತಿಣುಕಲು ಶುರು ಮಾಡುತ್ತವೆ. ಸಿಗ್ನಲ್ ಪಟ್ಟಿ ತುಂಬಿರುತ್ತದೆ, ವೇಗ ಮಾತ್ರ ಪಾತಾಳದಲ್ಲಿರುತ್ತದೆ, ಪ್ಯಾಕೆಟ್‌ಗಳನ್ನು (ದತ್ತಾಂಶದ ತುಂಡುಗಳನ್ನು) ಪದೇ ಪದೇ ಮತ್ತೆ ಕಳಿಸಬೇಕಾಗುತ್ತಿರುತ್ತದೆ. ಪರೀಕ್ಷೆ ಸುಲಭ: ಪವರನ್ನು ಕನಿಷ್ಠಕ್ಕೆ ಇಳಿಸಿ. ವೇಗ ಏರಿದರೆ ಉತ್ತರ ಸಿಕ್ಕಿತು. ಇಳಿಸಿದ ಮೇಲೂ ಸಿಗ್ನಲ್ ಜಾಸ್ತಿ ಅನ್ನಿಸಿದರೆ ಆಂಟೆನಾಗಳನ್ನು ಒಂದಕ್ಕೊಂದು ಬೆನ್ನು ಮಾಡಿ ತಿರುಗಿಸಿ. ನೋಡುವವರಿಗೆ ತಮಾಷೆಯಾಗಿ ಕಾಣುತ್ತದೆ, ಕೆಲಸ ಆಗುತ್ತದೆ.

ಜನ ಬಂದ ಮೇಲೆ ಮಾತ್ರ ಕೆಡುವುದು

ಇಲ್ಲಿ ಎರಡು ಕಾರಣ ಒಟ್ಟಿಗೆ ಕೆಲಸ ಮಾಡುತ್ತವೆ, ಬೇರೆ ಬೇರೆ ಮಾಡಿ ನೋಡಬೇಕು.

ಒಂದು, ದೇಹಗಳು. ಮನುಷ್ಯನ ಮೈಯಲ್ಲಿ ನೀರು ಜಾಸ್ತಿ, ಈ ಆವರ್ತನಗಳನ್ನು ಚೆನ್ನಾಗಿ ಹೀರುತ್ತದೆ. ಆಂಟೆನಾ ಮೇಜಿನ ಎತ್ತರದಲ್ಲಿದ್ದರೆ ಖಾಲಿ ಹಾಲ್‌ನಲ್ಲಿ ನೇರ ನೋಟ ಇತ್ತು, ಈಗ ಇಲ್ಲ. ಬರೀ ಕಣ್ಣಿಗೆ ಕಾಣುವಷ್ಟು ಎತ್ತರಿಸಿದರೂ ಸಾಲದು, ಫ್ರೆನೆಲ್ ವಲಯ ಅಂತ ಒಂದಿದೆ, ನೇರ ಗೆರೆಯ ಸುತ್ತ ಸಿಗ್ನಲ್ಲಿಗೆ ಬೇಕಾದ ಜಾಗ. 100 ಮೀಟರ್ ಲಿಂಕ್‌ಗೆ 2.4 ಗಿಗಾಹರ್ಟ್ಸ್‌ನಲ್ಲಿ ನಡುವೆ ಅದರ ತ್ರಿಜ್ಯ ಸುಮಾರು 1.8 ಮೀಟರ್, ಅದರಲ್ಲಿ 60 ಶೇಕಡಾ ಖಾಲಿ ಇರಬೇಕು, ಅಂದರೆ ತಲೆಗಳ ಮೇಲೆ ಇನ್ನೂ 1.1 ಮೀಟರ್. ಎರಡೂ ಕಡೆ 3 ಮೀಟರ್ ಎತ್ತರ ಇಟ್ಟುಕೊಳ್ಳಿ. 5.8ರಲ್ಲಿ ವಲಯ ಸಣ್ಣದು, ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ.

ಎರಡು, ಜನರ ಜೇಬಿನಲ್ಲಿರುವ ಫೋನುಗಳು, ಅವರ ಹಾಟ್‌ಸ್ಪಾಟ್‌ಗಳು, ಪ್ರತಿ ಸ್ಟಾಲ್‌ನ ಸ್ವಂತ ರೂಟರ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಅಷ್ಟೇ, ಮೂರೂ ತುಂಬಿ ತುಳುಕುತ್ತಿರುತ್ತವೆ. ಅಲ್ಲಿ ಪವರ್ ಏರಿಸುವುದು ಅಂದರೆ ಸಂತೆಯಲ್ಲಿ ಇನ್ನೂ ಜೋರಾಗಿ ಕೂಗಿದ ಹಾಗೆ, ನಿಮ್ಮ ದನಿ ಅವರಿಗೆ ಮುಟ್ಟೀತು, ಅವರ ಮಾತು ನಿಮಗೆ ಕೇಳಬೇಕಲ್ಲ. ಇದರ ಜೊತೆಗೆ ಹ್ಯಾಮ್ ನೋಡ್‌ಗೆ ಮಾತ್ರ ಇರುವ ಒಂದು ತೊಂದರೆ ಇದೆ. ಮಾಮೂಲಿ ವೈಫೈ ಸಾಧನಗಳು ಒಂದರ ಪ್ಯಾಕೆಟ್ ಶುರುವನ್ನು ಇನ್ನೊಂದು ಗುರುತಿಸಿ ಮೈನಸ್ 82 ಡಿಬಿಎಂನಷ್ಟು ಸಣ್ಣ ದನಿಗೂ ಸುಮ್ಮನಾಗುತ್ತವೆ. 10 ಮೆಗಾಹರ್ಟ್ಸ್‌ನಲ್ಲಿ ಓಡುವ ನೋಡ್‌ಗೆ 20 ಮೆಗಾಹರ್ಟ್ಸ್ ಪ್ಯಾಕೆಟ್ ಭಾಷೆಯೇ ತಿಳಿಯದು, ಬರೀ ಗದ್ದಲವಾಗಿ ಕೇಳುತ್ತದೆ, ಮೈನಸ್ 62ರ ಆಸುಪಾಸು ಮುಟ್ಟಿದ ಮೇಲಷ್ಟೇ ಸುಮ್ಮನಾಗುತ್ತದೆ. ಹಾಗಾಗಿ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಸ್ಕ್ಯಾನ್ ಮಾಡಿದರೆ ಸ್ವಚ್ಛ, ಲಿಂಕ್ ಮಾತ್ರ ಹಾಳು.

ಇದಕ್ಕೆ ಮದ್ದು ಜಾಗ ಖಾಲಿ ಮಾಡುವುದು. ಮೈನಸ್ 2 ಅಂತ ಕರೆಯುವ ಚಾನೆಲ್ಲಿನ ನಡು 2397 ಮೆಗಾಹರ್ಟ್ಸ್. 10 ಮೆಗಾಹರ್ಟ್ಸ್ ಅಗಲದಲ್ಲಿ ಅದು 2392ರಿಂದ 2402ರವರೆಗೆ ಬರುತ್ತದೆ, ವೈಫೈ ಚಾನೆಲ್ 1 ಶುರುವಾಗುವುದೇ 2401ರ ಹತ್ತಿರ. ಅಂದರೆ ಗದ್ದಲದ ಹೊರಗೆ. ಆದರೆ ನಿಮ್ಮ ಲೈಸೆನ್ಸ್‌ನಲ್ಲಿ 2400ರ ಕೆಳಗಿನ ತುಂಡು ಇದೆಯಾ ಅಂತ ನೋಡಿಯೇ ಹೋಗಿ, ಎಲ್ಲ ಕಡೆ ಕೊಟ್ಟಿಲ್ಲ. ಇಲ್ಲವಾದರೆ 5 ಗಿಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡಿಗೆ ಹೋಗಿ, ಅಂತರರಾಷ್ಟ್ರೀಯ ಹಂಚಿಕೆಯಲ್ಲಿ 5650ರಿಂದ 5850 ಮೆಗಾಹರ್ಟ್ಸ್, ಅಲ್ಲೂ ದೇಶಕ್ಕೊಂದು ಅಂಚು ಇದೆ. ಗದ್ದಲದ ಬಗ್ಗೆ ದೂರು ಕೊಡಲು ಮಾತ್ರ ಹೋಗಬೇಡಿ. ಅಂತರರಾಷ್ಟ್ರೀಯ ಹಂಚಿಕೆಯಲ್ಲಿ ಈ ಬ್ಯಾಂಡ್‌ಗಳಲ್ಲಿ ಹ್ಯಾಮ್‌ಗಳು ಎರಡನೇ ಸಾಲಿನವರು, ಮತ್ತು 2400ರಿಂದ 2500ರ ತುಂಡಿನಲ್ಲಿ ಓವನ್‌ನಂಥ ಯಂತ್ರಗಳ ತೊಂದರೆ ಸಹಿಸಿಕೊಳ್ಳಬೇಕು ಅಂತ ನಿಯಮವೇ ಇದೆ.

ದೇಹವಾ, ಗದ್ದಲವಾ ಅಂತ ತಿಳಿಯಲು ಸಿಗ್ನಲ್ ಅಂಕಿ ನೋಡಿ. ಸಿಗ್ನಲ್ಲೇ 15 ಡೆಸಿಬಲ್ ಬಿದ್ದಿದ್ದರೆ ದೇಹ. ಸಿಗ್ನಲ್ ಹಾಗೇ ಇದ್ದು ಪ್ಯಾಕೆಟ್ ಕಳೆದುಹೋಗುತ್ತಿದ್ದರೆ ಗದ್ದಲ. ನಾಯ್ಸ್ ಅಂಕಿಯನ್ನು ಜಾಸ್ತಿ ನಂಬಬೇಡಿ, ಕೆಲವು ಚಿಪ್‌ಗಳು ಏನೇ ಆದರೂ ಮೈನಸ್ 95 ಅಂತಲೇ ತೋರಿಸುತ್ತಾ ಕೂರುತ್ತವೆ.

ಎರಡೂ ದಿಕ್ಕಿನ ಗುಣಮಟ್ಟವನ್ನು ಬೇರೆ ಬೇರೆ ಓದಿ. ನೀವು ಅವರನ್ನು 100 ಶೇಕಡಾ ಕೇಳುತ್ತೀರಿ, ಅವರು ನಿಮ್ಮನ್ನು 50 ಮಾತ್ರ ಕೇಳುತ್ತಾರೆ ಅಂದರೆ ಒಂದು ಪ್ಯಾಕೆಟ್ ದಾಟಿಸಲು ಸರಾಸರಿ ಎರಡು ಸಲ ಕಳಿಸಬೇಕು. ಗದ್ದಲ ಇರುವುದು ಅವರ ತುದಿಯಲ್ಲಿ, ನಿಮ್ಮಲ್ಲಲ್ಲ. ಸ್ಟಾಲ್‌ನಲ್ಲಿ ಕೂತು ಆಂಟೆನಾ ತಿರುಗಿಸಿದರೆ ಏನೂ ಬದಲಾಗುವುದಿಲ್ಲ. ಆ ಕಡೆ ಹೋಗಿ, ಅವರ ಆಂಟೆನಾ ಯಾರ ರೂಟರ್ ಪಕ್ಕದಲ್ಲಿದೆ ನೋಡಿ.

ಮಾಮೂಲಿ ವೈಫೈ ಕಡೆ, ಅಂದರೆ ನಿಮ್ಮ ಆಕ್ಸೆಸ್ ಪಾಯಿಂಟಿನಿಂದ ಫೋನುಗಳು ಎಲ್ಲ ಒಟ್ಟಿಗೆ ಕಳಚಿ ಬೀಳುತ್ತಿದ್ದರೆ ಇನ್ನೊಂದು ಸಾಧ್ಯತೆ ಇದೆ. ಹಾಲ್‌ನ ವೈಫೈ ನಿಗಾ ವ್ಯವಸ್ಥೆ ಬೇರೆಯವರ ಜಾಲಕ್ಕೆ ಡಿ-ಆಥ್ (ಸಂಪರ್ಕ ಕಡಿದುಕೋ ಅನ್ನುವ) ಪ್ಯಾಕೆಟ್ ಕಳಿಸಿ ಒದ್ದು ಹಾಕುತ್ತಿರಬಹುದು. ಇದು ಕಟ್ಟುಕತೆ ಅಲ್ಲ. ಅಮೆರಿಕದ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2014ರಲ್ಲಿ ಮ್ಯಾರಿಯಟ್ ಹೋಟೆಲ್ ಕಂಪನಿ ಮೇಲೆ ಇದೇ ಕಾರಣಕ್ಕೆ 6 ಲಕ್ಷ ಡಾಲರ್ ದಂಡ ಹಾಕಿತು, 2015ರಲ್ಲಿ ಸಮಾವೇಶ ಕೇಂದ್ರಗಳಿಗೆ ಇಂಟರ್ನೆಟ್ ಕೊಡುವ ಸ್ಮಾರ್ಟ್ ಸಿಟಿ ಅನ್ನುವ ಕಂಪನಿಗೆ ಏಳೂವರೆ ಲಕ್ಷ. ಲ್ಯಾಪ್‌ಟಾಪನ್ನು ಮಾನಿಟರ್ ಮೋಡ್‌ನಲ್ಲಿಟ್ಟು ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ನೋಡಿದರೆ ಆ ಪ್ಯಾಕೆಟ್‌ಗಳು ಸಾಲಾಗಿ ಕಾಣುತ್ತವೆ. ಕಂಡರೆ ಜಗಳ ಬೇಡ, ಶೋ ನಡೆಸುವವರಿಗೆ ಹೇಳಿ ನಿಮ್ಮ ಜಾಲವನ್ನು ಅನುಮತಿ ಪಟ್ಟಿಗೆ ಸೇರಿಸಿಸಿ, ಜೊತೆಗೆ ಆಕ್ಸೆಸ್ ಪಾಯಿಂಟಿನಲ್ಲಿ ಮ್ಯಾನೇಜ್‌ಮೆಂಟ್ ಫ್ರೇಮ್ ರಕ್ಷಣೆ ಆನ್ ಮಾಡಿ.

ಪಿಟಿಟಿ ಒತ್ತಿದಾಗ ಮಾತ್ರ ಸಾಯುವುದು

ಹ್ಯಾಮ್ ಸ್ಟಾಲ್ ಅಂದ ಮೇಲೆ ನಾಲ್ಕು ಜನರ ಕೈಯಲ್ಲಿ ಹ್ಯಾಂಡಿ, ಅಂದರೆ ವಾಕಿಟಾಕಿ, ಇರುತ್ತದೆ. ಯಾರೋ ನೋಡ್ ಪಕ್ಕ ನಿಂತು 5 ವ್ಯಾಟ್‌ನಲ್ಲಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದ ತಕ್ಷಣ ಲಿಂಕ್ ಹೋಗುತ್ತದೆ, ಬಿಟ್ಟರೆ ಸ್ವಲ್ಪ ಹೊತ್ತಿಗೆ ಬರುತ್ತದೆ. ಈಥರ್ನೆಟ್ ಕೇಬಲ್ಲೇ ಆಂಟೆನಾ ಆಗಿ ಆ ಪವರನ್ನು ನೋಡ್ ಒಳಗೆ ತರುತ್ತದೆ. ಎರಡೂ ತುದಿಗೆ ಫೆರೈಟ್ (ರೇಡಿಯೋ ಗದ್ದಲ ತಡೆಯುವ ಕಾಂತೀಯ ಉಂಗುರ) ಹಾಕಿ, ಕೇಬಲ್ ಸುತ್ತು ಎರಡು ಮೂರು ಸಲ ಅದರೊಳಗೆ ಹೋಗಲಿ. ಶೀಲ್ಡ್ ಇರುವ ಕೇಬಲ್ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಸುಲಭ, ಆ ಮಹಾಶಯರನ್ನು ಮೂರು ಮೀಟರ್ ಆಚೆ ನಿಲ್ಲಿಸಿ.

ಹ್ಯಾಂಡಿ ಇಲ್ಲದೆಯೂ ನೋಡ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಕರೆಂಟ್ ನೋಡಿ. ಹೊರಾಂಗಣ ನೋಡ್‌ಗಳಲ್ಲಿ ಬಹಳವು 24 ವೋಲ್ಟ್ ಪ್ಯಾಸಿವ್ ಪಿಓಇ (ಮಾತುಕತೆ ಇಲ್ಲದೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಬರುವ ಕರೆಂಟ್) ಮೇಲೆ ಓಡುತ್ತವೆ, 4, 5ನೇ ತಂತಿ ಪ್ಲಸ್, 7, 8ನೇ ತಂತಿ ಮೈನಸ್. 48 ವೋಲ್ಟಿನ 802.3ಎಎಫ್ ಸ್ವಿಚ್ ಮೊದಲು ಮಾತುಕತೆ ಮಾಡಿಯೇ ಕರೆಂಟ್ ಕೊಡುತ್ತದೆ, ಹಾಗಾಗಿ ಅದಕ್ಕೆ ಸಿಕ್ಕಿಸಿದರೆ ಪ್ಯಾಸಿವ್ ನೋಡ್ ಏಳುವುದಿಲ್ಲ. ಉಲ್ಟಾ, ಅಂದರೆ 48 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ 24ರ ನೋಡ್‌ಗೆ ಹಾಕಿದರೆ ಹೊಗೆ ಬರಬಹುದು. ಇಂಜೆಕ್ಟರ್ ಮೇಲೆ ಬರೆದದ್ದನ್ನು ಓದಿ ಸಿಕ್ಕಿಸಿ. ಉದ್ದದ ಕೇಬಲ್ ತಾಮ್ರದ್ದೇ ಇರಲಿ, ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಕೇಬಲ್‌ನಲ್ಲಿ ವೋಲ್ಟೇಜ್ ಬಿದ್ದು ನೋಡ್ ಸುಮ್ಮನಿದ್ದಾಗ ಸರಿ ಇದ್ದು, ಜೋರಾಗಿ ಕಳಿಸುವಾಗ ರೀಸ್ಟಾರ್ಟ್ ಆಗುತ್ತದೆ.

ಬರುತ್ತದೆ, ಆದರೆ ನಿಧಾನ

ಸಣ್ಣ ಪುಟ ತೆರೆಯುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಎಂಟಿಯು (ಒಂದೇ ಸಲಕ್ಕೆ ದಾಟಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ) ನೋಡಿ, ಮುಖ್ಯವಾಗಿ ನಡುವೆ ಟನಲ್ ಇದ್ದಾಗ. ತುಂಡು ಮಾಡಬೇಡ ಅಂತ ಹೇಳಿ 1472 ಬೈಟಿನ ಪಿಂಗ್ ಕಳಿಸಿ, ಹೋಗದಿದ್ದರೆ ಇಳಿಸುತ್ತಾ ಬನ್ನಿ, ಎಲ್ಲಿ ದಾಟುತ್ತದೋ ಅದಕ್ಕೆ 28 ಸೇರಿಸಿದರೆ ನಿಮ್ಮ ಎಂಟಿಯು.

ಎಲ್ಲವೂ ನಿಧಾನ ಅಂದರೆ ಎಷ್ಟು ನೋಡ್ ದಾಟುತ್ತಿದೆ ಎಣಿಸಿ. ಒಂದೇ ಚಾನೆಲ್‌ನಲ್ಲಿ ನಡುವೆ ಇನ್ನೊಂದು ನೋಡ್ ಇದ್ದರೆ ಅದು ಕೇಳಿ ಮತ್ತೆ ಹೇಳಬೇಕು, ವೇಗ ಹೆಚ್ಚುಕಡಿಮೆ ಅರ್ಧ. 10 ಮೆಗಾಹರ್ಟ್ಸ್ ಅಗಲ ಇಟ್ಟರೂ 20ರ ಅರ್ಧವೇ. ದೂರದ ಸೆಟ್ಟಿಂಗ್ ಇದ್ದರೆ ಅದನ್ನೂ ನೋಡಿ, ಬೆಟ್ಟದ ಮೇಲೆ ಬಳಸಿದ ನೋಡನ್ನು ಹಾಗೇ ತಂದು ಹಾಲ್‌ನಲ್ಲಿ ಇಟ್ಟಿದ್ದರೆ ಅದು ಪ್ರತಿ ಪ್ಯಾಕೆಟ್ ಉತ್ತರಕ್ಕೂ ಸುಮ್ನೆ ಜಾಸ್ತಿ ಹೊತ್ತು ಕಾಯುತ್ತದೆ. ವೇಗ ಅಳೆಯುವ ಐಪರ್ಫ್ ಹಾಕಿ ನೋಡ್‌ನಿಂದ ನೋಡ್‌ಗೆ ಅಳೆಯಿರಿ. ಇಂಟರ್ನೆಟ್ ಸ್ಪೀಡ್ ಟೆಸ್ಟ್ ಮಾಡಿದರೆ ಹಾಲ್‌ನವರ ನಿಧಾನವೂ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಏನೇ ಆಗಲಿ, ಕರೆಂಟ್ ಕಿತ್ತು ಹಾಕುವ ಮುಂಚೆ ನೋಡ್‌ನ ಲಾಗ್ ಇಳಿಸಿಕೊಳ್ಳಿ. ಓಪನ್‌ಡಬ್ಲ್ಯುಆರ್‌ಟಿ ಲಾಗನ್ನು ರ‍್ಯಾಮ್‌ನಲ್ಲಿ ಇಡುತ್ತದೆ, ರೀಸ್ಟಾರ್ಟ್ ಮಾಡಿದ ಕೂಡಲೇ ಕಾರಣವೂ ಅದರ ಜೊತೆ ಅಳಿಸಿಹೋಗುತ್ತದೆ. ಬ್ರೌಸರ್‌ನಲ್ಲಿ ಲೋಕಲ್‌ನೋಡ್ ಡಾಟ್ ಲೋಕಲ್ ಡಾಟ್ ಮೆಶ್ ತೆರೆದು, ಸಪೋರ್ಟ್ ಡೇಟಾ ಡೌನ್‌ಲೋಡ್ ಮಾಡಿ, ಆಮೇಲೆ ಬೇಕಿದ್ದರೆ ಪ್ಲಗ್ ಕೀಳಿ. ಹಾಲ್‌ನವರು ರಾತ್ರಿ ಮೇನ್ ಆಫ್ ಮಾಡುತ್ತಾರಾದರೆ ಇದನ್ನು ಸಂಜೆಯೇ ಮುಗಿಸಿ, ಬೆಳಿಗ್ಗೆ ಮೊದಲು ರೂಟರ್, ಅದು ಪೂರ್ತಿ ಎದ್ದ ಮೇಲೆ ಆ ತುದಿಯ ನೋಡ್, ಕೊನೆಗೆ ಸ್ಟಾಲ್ ನೋಡ್ ಆನ್ ಮಾಡಿ.